ಪ್ರಯೋಗಾಲಯಕ್ಕೆ ಮೊದಲು ಬೇಕಾದ್ದು ನೆಲ

ಬೆಂಗಳೂರನ್ನು ವಿಜ್ಞಾನನಗರಿ ಮಾಡಿದ್ದು ಸಾಫ್ಟ್‌ವೇರ್ ಕಂಪನಿಗಳು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಇಸವಿಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು 1985ರಲ್ಲಿ; ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಹಳೆಯ ಬೆಂಗಳೂರಿಗರು ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅದು ನ್ಯಾಯವೇ, ಜೆಮ್‌ಷೆಡ್‌ಜಿ ಟಾಟಾ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಅದಕ್ಕೆಂದು ಎತ್ತಿಟ್ಟಿದ್ದರು. ಆದರೆ ಆ ದಾನ ಈ ಊರಿನಲ್ಲಿ ಬೇರುಬಿಟ್ಟದ್ದು ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿದ್ದರಿಂದ.

ಒಂದು ಸಂಸ್ಥೆ ನೆಲೆಯೂರಿದರೆ ಅದರ ಬೆನ್ನಿಗೆ ಇನ್ನೊಂದು ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, ಎಣ್ಣೆ ಇಳಿಸುವ ವಿಧಾನವನ್ನು ರೂಪಿಸಿಕೊಟ್ಟವರು ಇದೇ ಸಂಸ್ಥೆಯ ರಸಾಯನ ವಿಜ್ಞಾನಿಗಳು. 1940ರಲ್ಲಿ ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ಬಂತು. ಎರಡೇ ವರ್ಷದಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಆ ವಿಭಾಗದಲ್ಲಿ ಪಾಠ ಹೇಳಿದ ಸತೀಶ್ ಧವನ್ 1972ರಲ್ಲಿ ಇಸ್ರೋ ಚುಕ್ಕಾಣಿ ಹಿಡಿದರು, ಸಂಸ್ಥೆಯ ನಿರ್ದೇಶಕ ಹುದ್ದೆಯನ್ನೂ ಬಿಡದೆ. ಯು.ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಇಪ್ಪತ್ತಾರು ಮುಖಗಳ, 360 ಕಿಲೋ ತೂಕದ ಆ ಗೋಳ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಬಾನಿಗೇರಿತು. ಶೆಡ್ಡು ಎಲ್ಲ ಊರಿನಲ್ಲೂ ಸಿಗುತ್ತದೆ. ಲೆಕ್ಕ ತಪ್ಪಿದರೆ ತಿದ್ದಬಲ್ಲ ಮೇಷ್ಟರೂ ಲೋಹವನ್ನು ಕೂದಲೆಳೆಯಷ್ಟು ನಿಖರವಾಗಿ ಕೊರೆಯಬಲ್ಲ ಕೆಲಸಗಾರರೂ ಒಂದೇ ಊರಿನಲ್ಲಿ ಸಿಗುವುದು ಅಪರೂಪ.

ತಂಪು ಹವೆಯೇ ಕಾರಣ ಎನ್ನುವವರಿದ್ದಾರೆ. ಹವೆ ನೆರವಾಗಿದೆ, ನಿಜ. ಆದರೆ ಊಟಿಯ ಹವೆ ಇನ್ನೂ ತಂಪು, ಅಲ್ಲಿ ಇಂಥ ಸಾಲು ಸಂಸ್ಥೆಗಳು ಏಳಲಿಲ್ಲ. ಸರ್ಕಾರಿ ಸಂಸ್ಥೆಗಳದು ಆಮೆನಡಿಗೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಕಡತ ಕದಲದೆ ಸೊರಗಿದ ಕೆಲಸಗಳು ಕಡಿಮೆಯಲ್ಲ. ಹಾಗಿದ್ದರೂ ಇಪ್ಪತ್ತು ವರ್ಷದ ಮೇಲೆ ಫಲ ಕೊಡುವ, ಕೊಡದೆಯೂ ಹೋಗಬಹುದಾದ ಸಂಶೋಧನೆಗೆ ಲಾಭ ನಂಬಿದ ಕಂಪನಿ ಕೈಹಾಕುವುದು ಕಷ್ಟ. ಆ ಕಾಯುವಿಕೆಯ ವೆಚ್ಚ ಹೊತ್ತದ್ದು ಜನರ ತೆರಿಗೆಯೇ.

ಈಗ ಬೆಂಗಳೂರಿನಲ್ಲಿ ಅಂಗೈಯಗಲ ಜಾಗಕ್ಕೂ ಚಿನ್ನದ ಬೆಲೆ. ಮುಂದಿನ ಸಂಸ್ಥೆಗೆ ಬೇಕಾದ ನೆಲವನ್ನು ಹುಬ್ಬಳ್ಳಿ, ಕಲಬುರಗಿಗಳಲ್ಲಿ ಸರ್ಕಾರ ಇಂದೇ ಕಾದಿರಿಸಲಿ. ಟಾಟಾ ಇನ್‌ಸ್ಟಿಟ್ಯೂಟ್ ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ನಮ್ಮವರು ಕೊಟ್ಟ ನೆಲದಲ್ಲಿ ಏನೇನು ಬೆಳೆದಿದೆ ಎಂದು ತೋರಿಸಿ.