ಮುದ್ದೇನಹಳ್ಳಿ ಮನೆಗೂ ನಮ್ಮ ಕೆರೆ ಸೀಮೆಗೂ ಏನು ನಂಟು?

ಸೆಪ್ಟೆಂಬರ್ 15 ಬಂತೆಂದರೆ ಶಿಕಾರಿಪುರ, ಸೊರಬದ ಸರ್ಕಾರಿ ಕಚೇರಿಗಳಲ್ಲೂ ಮೈಸೂರು ಪೇಟದ ಆ ಫೋಟೋಕ್ಕೆ ಒಂದು ಹಾರ ಬೀಳುತ್ತದೆ. ನಾಲ್ಕು ಜನ ಭಾಷಣ ಮಾಡುತ್ತಾರೆ, ಮಕ್ಕಳಿಗೆ ಲಾಡು ಹಂಚುತ್ತಾರೆ. ಎರಡು ಮೇಣದ ಬತ್ತಿ ಕಥೆ ಈ ವರ್ಷವೂ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಅದನ್ನು ಬಿಡೋಣ, ಎಲ್ಲರಿಗೂ ಬಾಯಿಪಾಠ ಆಗಿದೆ.

ಮೊದಲು ತಾಳಗುಂದಕ್ಕೆ ಬನ್ನಿ. ಶಿಕಾರಿಪುರ ತಾಲ್ಲೂಕಿನ ಈ ಊರಿನ ಪ್ರಣವೇಶ್ವರ ದೇವಾಲಯದ ಎದುರು ಐದನೇ ಶತಮಾನದ ಕಂಬ ಶಾಸನ ನಿಂತಿದೆ. ಮಯೂರಶರ್ಮ ಕಂಚಿಯಲ್ಲಿ ಅವಮಾನಪಟ್ಟು ಕತ್ತಿ ಹಿಡಿದ ಕಥೆಗಾಗಿ ಎಲ್ಲರೂ ಅದನ್ನು ನೆನೆಯುತ್ತಾರೆ. ಆದರೆ ಆ ಕಂಬ ಹುಟ್ಟಿದ್ದೇ ಒಂದು ಕೆರೆಗಾಗಿ. ಕಾಕುಸ್ಥವರ್ಮ ಇಲ್ಲಿ ದೊಡ್ಡ ಕೆರೆ ತೋಡಿಸಿದ, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಅದನ್ನು ಸಂಸ್ಕೃತದಲ್ಲಿ ಬರೆದ. ರಾಜನ ಹೆಸರಿದೆ, ಕವಿಯ ಹೆಸರಿದೆ. ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಷ್ಟು ಎತ್ತರ ಅಂತ ಅಳತೆ ಹಾಕಿದವನ ಹೆಸರು ಮಾತ್ರ ಇಲ್ಲ! ಎರಡೂ ತಾಲ್ಲೂಕಿನ ಕೆರೆ ಕಟ್ಟೆಗಳ ಕಥೆ ಬಹುಪಾಲು ಇಷ್ಟೇ. ಕಟ್ಟಿದವರ ಮನೆತನ ಯಾವುದು, ಮಕ್ಕಳು ಮರಿ ಯಾರು, ಒಂದೂ ತಿಳಿಯದು. ಇಂಜಿನಿಯರ್ ಒಬ್ಬನ ಮನೆ, ತಾಯಿ, ನೆಂಟರಿಷ್ಟರ ಸಮೇತ ಈ ನಾಡಿನ ಜನ ನೆನಪಿಟ್ಟುಕೊಂಡದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿಷಯದಲ್ಲೇ ಮೊದಲು ಎನ್ನಬೇಕು.

ಮೋಕ್ಷಗುಂಡಂ ಈಗಿನ ಆಂಧ್ರದ ಊರು. ಅಲ್ಲಿಂದ ಹಿರಿಯರು ಬಂದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ನೆಲೆ ನಿಂತರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹುಟ್ಟಿದ್ದು 1860ರಲ್ಲಿ. ಕೆಲವು ಪುಸ್ತಕಗಳಲ್ಲಿ 1861 ಎಂದೂ ಇದೆ, ಆದರೆ ನೂರು ತುಂಬಿದ ಉತ್ಸವ ನಡೆದದ್ದು, ಅಂಚೆ ಚೀಟಿ ಬಂದದ್ದು 1960ರಲ್ಲಿ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆ, ಬೇರೆಯವರ ಮಕ್ಕಳಿಗೆ ಟ್ಯೂಶನ್ ಹೇಳಿ ಗಳಿಸಿದ ಕಾಸು, ಇವುಗಳಲ್ಲೇ ಸೆಂಟ್ರಲ್ ಕಾಲೇಜಿನ ಓದು ಮುಗಿಯಿತು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸ್. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು, ಮರುವರ್ಷ ಮುಂಬಯಿ ಸರ್ಕಾರದ ಪಿ.ಡಬ್ಲ್ಯು.ಡಿ. ನೌಕರಿ.

ಸ್ವಂತ ಸಂಸಾರದ ಸುಖ ಅವರಿಗೆ ದಕ್ಕಲಿಲ್ಲ. ಮಕ್ಕಳಾಗಲಿಲ್ಲ. ಮನೆ ಎಂದರೆ ತಾಯಿ, ತಮ್ಮಂದಿರು, ಅವರ ಕಡೆಯವರು ಅಷ್ಟೆ. 1912ರಲ್ಲಿ ದಿವಾನಗಿರಿ ಬಂದಾಗ ಬಂಧು ಬಳಗವನ್ನೆಲ್ಲ ಊಟಕ್ಕೆ ಕರೆದು, ಶಿಫಾರಸು ಕೇಳಿಕೊಂಡು ಯಾರೂ ಬಾಗಿಲಿಗೆ ಬರಬಾರದು, ಈ ಮಾತಿಗೆ ಒಪ್ಪಿದರೆ ಮಾತ್ರ ಕೆಲಸ ಒಪ್ಪುತ್ತೇನೆ ಎಂದರು ಅಂತ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ತಾಯಿಯಿಂದಲೂ ಆ ಮಾತು ತೆಗೆದುಕೊಂಡರಂತೆ. ಈಗ ನಮ್ಮ ಕಡೆ ಗ್ರಾಮ ಪಂಚಾಯತಿ ಮೆಂಬರ್ ಆದವನು ಮೊದಲ ದಿನ ನೆಂಟರಿಗೆ ಊಟ ಹಾಕುವುದುಂಟು, ಆದರೆ ಈ ಕರಾರು ಹಾಕಿದ್ದನ್ನು ಕೇಳಿದವರುಂಟೇ?

ಕನ್ಸಲ್ಟಿಂಗ್ ಇಂಜಿನಿಯರ್ ಎಂಬ ಹೆಸರು ಅವರಿಗೆ ಅಂಟಿದ್ದು ಹೈದರಾಬಾದಿನಿಂದ. ಮುಂಬಯಿ ಸೇವೆಯಲ್ಲಿ ಎಷ್ಟೇ ಕೆಲಸ ಮಾಡಿದರೂ ಮೇಲಿನ ಕುರ್ಚಿ ಬಿಳಿಯರಿಗೇ ಮೀಸಲು. ಹಾಗಾಗಿ 1908ರಲ್ಲಿ ತಾವಾಗಿಯೇ ನಿವೃತ್ತಿ ತೆಗೆದುಕೊಂಡರು, ವಿದೇಶ ಸುತ್ತಲು ಹೊರಟರು. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಗಟ್ಟಲೆ ಜನ ಸತ್ತರು. ನಿಜಾಮ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ವಿಶೇಷ ಸಲಹಾ ಇಂಜಿನಿಯರ್ ಆಗಿ ಬಂದ ಇವರು, ಊರೊಳಗೆ ಗೋಡೆ ಕಟ್ಟಿದರೆ ಸಾಲದು, ನೀರನ್ನು ಊರಿಗಿಂತ ಮೇಲೆಯೇ ತಡೆಯಬೇಕು ಎಂದು ವರದಿ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ಅದೇ ವರ್ಷ ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದರು.

ಇನ್ನು ನಂಟಿನ ವಿಷಯ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕೆರೆ ರೈತ ಏನು ಮಾಡುತ್ತಾನೆ? ಕೋಡಿಗೆ ಹಲಗೆ ಕಟ್ಟುತ್ತಾನೆ, ಮರಳಿನ ಚೀಲ ಒಟ್ಟುತ್ತಾನೆ. ಒಂದಡಿ ನೀರು ಹೆಚ್ಚು ನಿಂತರೆ ಕೊನೆಯ ಗದ್ದೆಗೂ ಬರುತ್ತದಲ್ಲ ಎಂಬ ಆಸೆ. ಇತ್ತ ಹಿನ್ನೀರಿನ ಕಡೆಯ ಗದ್ದೆಯವನು, ನನ್ನ ಪೈರು ಮುಳುಗ್ತು ಅಂತ ರಾತ್ರಿ ಬಂದು ಹಲಗೆ ಕೀಳುತ್ತಾನೆ. ಬೆಳಿಗ್ಗೆ ಏರಿ ಮೇಲೆ ಜಗಳ. ಅಷ್ಟರಲ್ಲಿ ಅಕಾಲ ಮಳೆ ಬಂದು ಹಲಗೆ ತೆಗೆಯುವವರು ಯಾರೂ ಇಲ್ಲದಿದ್ದರೆ ಏರಿಯೇ ಹೋಗುತ್ತದೆ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ವಿಶ್ವೇಶ್ವರಯ್ಯನವರು ಕೂರಿಸಿದ ಸ್ವಯಂಚಾಲಿತ ಬಾಗಿಲು ಬಿಡಿಸಿದ್ದು ಇದೇ ತೊಡಕನ್ನು. ಕೋಡಿಯ ಮೇಲೆ ಬಾಗಿಲು, ಅದಕ್ಕೆ ಸರಿತೂಕದ ಭಾರ. ಗೊತ್ತು ಮಾಡಿದ ಮಟ್ಟ ಮೀರಿ ನೀರು ಏರಿದರೆ ಬಾಗಿಲು ತಾನಾಗಿ ಮೇಲೇಳುತ್ತದೆ, ಪ್ರವಾಹ ಇಳಿದರೆ ತಾನಾಗಿ ಕೂರುತ್ತದೆ. ಕಾವಲುಗಾರ ನಿದ್ದೆ ಹೋದರೂ ಏರಿ ಉಳಿಯುತ್ತದೆ. ಹಳೆಯ ಅಣೆಕಟ್ಟೆಯ ಎತ್ತರ ಏರಿಸದೆ ಸುಮಾರು ಎಂಟು ಅಡಿ ನೀರು ಹೆಚ್ಚು ನಿಲ್ಲಿಸಿದರು. (ಇದೇ ಜಾಡಿನ ಇನ್ನೊಂದು ಬುದ್ಧಿ ಗಣೇಶ್ ಅಯ್ಯರ್ ಅವರ ಸೈಫನ್. ಬಾಗಿಲೇ ಇಲ್ಲ, ಗಾಳಿಯ ಒತ್ತಡದಲ್ಲೇ ನೀರು ಹೊರಬೀಳುತ್ತದೆ. ಸಾಗರ ತಾಲ್ಲೂಕಿನ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಅವಿವೆ. ಲಿಂಗನಮಕ್ಕಿ ನೀರು ತೀರ ಇಳಿದ ಬೇಸಿಗೆಯಲ್ಲಿ ಆ ಕಟ್ಟೆ ತಲೆ ಎತ್ತುತ್ತದೆ. ಹೋಗಿ ನೋಡಬಹುದು.)

ಕೆರೆ ನೀರು ಹಂಚುವುದಂತೂ ಕಟ್ಟುವುದಕ್ಕಿಂತ ಕಷ್ಟ. ದಖನ್ನಿನ ಕಾಲುವೆಗಳಲ್ಲಿ ಅವರು 1899ರಲ್ಲಿ ಬ್ಲಾಕ್ ಪದ್ಧತಿ ತಂದಾಗ ಜನ ಹೂಮಾಲೆ ಹಾಕಲಿಲ್ಲ. ಪುಣೆಯ ಪತ್ರಿಕೆಗಳಲ್ಲಿ ಟೀಕೆ ಬಂತು, ರೈತರು ಸಿಟ್ಟಾದರು. ಮೇಲಿನವನು ಕಬ್ಬಿಗೆ ನೀರು ಕುಡಿಸಿ ಕೆಳಗಿನವನು ಬಾಯಿ ಬಿಡುವ ಬದಲು, ನೆಲವನ್ನು ಬ್ಲಾಕ್ ಮಾಡಿ, ಬೆಳೆ ಸರದಿ ಹಾಕಿ, ಹೆಚ್ಚು ಹಳ್ಳಿಗೆ ನೀರು ಮುಟ್ಟಿಸುವುದು ಅದರ ತಿರುಳು. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯತಿ ಕಾನೂನು ಬಂದಾಗ ಮುಖ್ಯ ಇಂಜಿನಿಯರ್ ಅವರೇ. ಕೆರೆ ಊರಿನವರದು, ರಿಪೇರಿಯೂ ಊರಿನವರದು ಎಂಬ ಲೆಕ್ಕ.

ಅವರದ್ದೆಲ್ಲ ಸರಿ ಅಂತ ಹೇಳಬೇಕಾಗಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ, ಅದೇ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಯೋಗ್ಯತೆ ಒಂದೇ ಸಾಕು ಅನ್ನುವ ಅವರ ನಂಬಿಕೆ ಪ್ರಾಮಾಣಿಕವೇ ಇರಬಹುದು. ಆದರೆ ಶಾಲೆಯ ಮೆಟ್ಟಿಲೇ ಹತ್ತದ ಮನೆಗಳು ಆಗ ಎಷ್ಟಿದ್ದವು? ಈ ಎರಡೂ ತಾಲ್ಲೂಕಿನಲ್ಲಿ ಗೇಣಿದಾರರ, ದೀವರ, ದಲಿತರ ಮನೆಗಳನ್ನು ಕಂಡವರಿಗೆ ಮಹಾರಾಜರ ಲೆಕ್ಕವೇ ಸರಿ ಅನ್ನಿಸೀತು. ಅದೇ ದಿವಾನರು 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದವರು ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಭದ್ರಾವತಿ ಕಥೆ ನಮ್ಮ ಜಿಲ್ಲೆಯದೇ. ಕೆಮ್ಮಣ್ಣುಗುಂಡಿ ಅದಿರು, ಮಲೆನಾಡ ಕಾಡಿನ ಇದ್ದಿಲು. 1923ರಲ್ಲಿ ಕುಲುಮೆ ಉರಿಯಿತು, ಆದರೆ ಕಬ್ಬಿಣದ ಬೆಲೆ ಬಿದ್ದು ನಷ್ಟ. ದಿವಾನಗಿರಿ ಬಿಟ್ಟ ಮುದುಕರನ್ನೇ ಮತ್ತೆ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಇದ್ದು ಕಾರ್ಖಾನೆಯನ್ನು ಕಾಲ ಮೇಲೆ ನಿಲ್ಲಿಸಿದರು. ಆ ದುಡಿಮೆಯ ಸಂಭಾವನೆಯನ್ನು ಮನೆಗೆ ಒಯ್ಯಲಿಲ್ಲ. ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಶಾಲೆ ಆಗಲಿ ಎಂದರು, ಅದಕ್ಕೆ ತಮ್ಮ ಹೆಸರೂ ಬೇಡ ಎಂದರು. 1943ರಲ್ಲಿ ಜಯಚಾಮರಾಜೇಂದ್ರರ ಹೆಸರಿನಲ್ಲಿ ಆ ಸಂಸ್ಥೆ ಶುರುವಾಯಿತು. ಮುಂದೆ ಕಾರ್ಖಾನೆಗೇ ಅವರ ಹೆಸರು ಬಂತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಗೇಟಿನ ಮುಂದೆ ಕೂತರು. ಅವರಲ್ಲಿ ಬಹಳ ಮಂದಿ ಗುತ್ತಿಗೆ ಕೆಲಸದವರು.

1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ಅವರ ಆಯಸ್ಸು ಮುಗಿಯಿತು. ಬೆಂಗಳೂರಲ್ಲ, ಮುದ್ದೇನಹಳ್ಳಿಯಲ್ಲೇ ಸಮಾಧಿ. ಹುಟ್ಟಿದ ಮನೆ ಈಗ ಸ್ಮಾರಕ. ತೀರ ದೊಡ್ಡ ಮನೆಯೇನಲ್ಲ.

ಸೊರಬದಲ್ಲಿ ದಂಡಾವತಿಗೆ ಅಣೆಕಟ್ಟೆ ಬೇಕೋ ಬೇಡವೋ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಶಿಕಾರಿಪುರದ ಕಡೆ ಅಂಜನಾಪುರದ ನೀರು ಕೊನೆಯ ತೂಬಿಗೆ ಮುಟ್ಟುತ್ತದೋ ಇಲ್ಲವೋ ಎಂಬುದು ಪ್ರತಿ ಬೇಸಿಗೆಯ ಮಾತು. ಹಾರ ಹಾಕಿದ ಇಂಜಿನಿಯರುಗಳು ಮರುದಿನ ಒಂದು ಕೆರೆ ಏರಿ ಮೇಲೆ ಅರ್ಧ ಮೈಲಿ ನಡೆದರೆ ಹೂಳು ಎಷ್ಟಿದೆ, ಒತ್ತುವರಿ ಎಲ್ಲಿದೆ, ತೂಬಿನ ಕಲ್ಲು ಎಲ್ಲಿ ಜಾರಿದೆ ಎಂದು ಕಣ್ಣಿಗೇ ಕಾಣುತ್ತದೆ. ಊರಿನವರು ಜೊತೆಗೆ ಬರುತ್ತಾರೆ, ಬೇಕಾದರೆ ದಾರಿಯಲ್ಲಿ ಕೋಡಿ ಹಲಗೆಯ ಜಗಳವನ್ನೂ ಹೇಳುತ್ತಾರೆ.