ಏಳನೇ ತರಗತಿ ಮುಗಿದ ಮೇಲೆ...

ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಹುಡುಗಿ ಓದುವುದಕ್ಕೆ ಈಗ ಹೆಚ್ಚಿನವರ ತಕರಾರಿಲ್ಲ. ಶಾಲೆ ಕೂಗಳತೆಯಲ್ಲೇ ಇರುತ್ತದೆ. ಮಧ್ಯಾಹ್ನದ ಊಟ ಅಲ್ಲೇ ಆಗುತ್ತದೆ. ಮೇಷ್ಟ್ರು ಊರಿಗೆಲ್ಲ ಪರಿಚಿತರು. ಕಷ್ಟ ಶುರುವಾಗುವುದು ಎಂಟನೇ ತರಗತಿಗೆ. ಹೈಸ್ಕೂಲು ಇರುವುದು ಹೋಬಳಿ ಕೇಂದ್ರದಲ್ಲಿ. ನಡುವೆ ನಾಲ್ಕೈದು ಕಿಲೋಮೀಟರ್ ರಸ್ತೆ, ಕೆರೆ ಏರಿ, ವೈನ್ ಶಾಪು, ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ಪಡ್ಡೆ ಹುಡುಗರು. ಹುಡುಗಿ 'ದೊಡ್ಡವಳಾಗುವುದೂ' ಇದೇ ಹೊತ್ತಿಗೆ. 'ಓದಿದ್ದು ಸಾಕು' ಎಂಬ ಮಾತು ಮೊದಲು ಅಜ್ಜಿಯ ಬಾಯಿಂದ ಬರುತ್ತದೆ, ಆಮೇಲೆ ಅಪ್ಪನ ಬಾಯಿಂದ.

ಕಾನೂನು ಕೂಡ ಹೆಚ್ಚುಕಡಿಮೆ ಇಲ್ಲಿಗೇ ಕೈಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿಯವರೆಗೆ. ಒಂಬತ್ತು, ಹತ್ತು ಓದುವುದು ಮನೆಯವರ ಮನಸ್ಸಿಗೆ ಬಿಟ್ಟದ್ದು. ಆ ಮನಸ್ಸನ್ನು ಒಲಿಸಿಕೊಳ್ಳುವ ಕೆಲಸ ಬಾಲಿಕಾ ಪ್ರೌಢಶಾಲೆಗಳ ಪಾಲಿಗೆ ಬಂದಿದೆ. 'ಹುಡುಗಿಯರದೇ ಶಾಲೆ' ಎಂಬ ಒಂದೇ ಕಾರಣಕ್ಕೆ ಒಪ್ಪುವ ತಂದೆಯರು ಇಂದಿಗೂ ಇದ್ದಾರೆ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಶಾಲೆ ಆರಂಭವಾದಾಗ ಇದ್ದ ಅಳುಕು ಪೂರ್ತಿ ಹೋಗಿಲ್ಲ ಎನ್ನೋಣವೆ?

ದಾರಿಯ ಸಮಸ್ಯೆಗೆ ಸರಕಾರ ಕಂಡುಕೊಂಡ ಉತ್ತರ ಸೈಕಲ್. 2006-07ರಲ್ಲಿ ಎಂಟನೇ ತರಗತಿಗೆ ಸೇರಿದ ಬಡ ಹುಡುಗಿಯರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಕರ್ನಾಟಕದಲ್ಲಿ ಬಂತು. ಮರುವರ್ಷ ಹುಡುಗರಿಗೂ ಸಿಕ್ಕಿತು. ಚೈನು ಕಳಚುತ್ತದೆ, ಬ್ರೇಕು ಹಿಡಿಯುವುದಿಲ್ಲ, ತಿಂಗಳಿಗೇ ತುಕ್ಕು ಹಿಡಿಯಿತು ಎಂಬ ದೂರುಗಳಿಗೆ ಬರವಿರಲಿಲ್ಲ. ಕೆಲವು ಸೈಕಲ್‌ಗಳು ಅಣ್ಣಂದಿರ ಪಾಲಾದದ್ದೂ ಉಂಟು. ಆದರೂ ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದೊಡನೆ ಚೂಡಿದಾರದ ವೇಲು ಹಿಂದಕ್ಕೆ ಬಿಗಿದು ಕಟ್ಟಿಕೊಂಡ ಹತ್ತು ಹನ್ನೆರಡು ಹುಡುಗಿಯರು ಗುಂಪಾಗಿ ಮಾತಾಡಿಕೊಂಡು ಹೋಗುವ ನೋಟ ರಸ್ತೆಗಳಿಗೆ ಹೊಸದಾಗಿತ್ತು. ಗುಂಪಿನಲ್ಲಿ ಹೋಗುವವರನ್ನು ರೇಗಿಸುವುದು ಅಷ್ಟು ಸುಲಭವಲ್ಲ!

ಅದೇ 2006ರಲ್ಲಿ ಇಂಥದೇ ಯೋಜನೆ ಆರಂಭಿಸಿದ ಬಿಹಾರದ ಅನುಭವವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದ್ದಾರೆ. ಅಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತು. ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಿಗೇ ಹೆಚ್ಚು ಲಾಭವಾಯಿತು. ಕರ್ನಾಟಕದಲ್ಲಿ ಮಾತ್ರ 2020ರ ಕೊರೊನಾ ಕಾಲದಲ್ಲಿ ಸೈಕಲ್ ವಿತರಣೆ ನಿಂತುಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣವೇನೋ ಉಚಿತ. ಆದರೆ ಬಸ್ಸೇ ಬಾರದ ಊರಿನ ಹುಡುಗಿಗೆ ಟಿಕೆಟ್ ಉಚಿತವಾದರೇನು, ದುಬಾರಿಯಾದರೇನು?

ದಾರಿ ಮುಗಿದು ಶಾಲೆಯ ಗೇಟು ದಾಟಿದ ಮೇಲೆ ಇನ್ನೊಂದು ತೊಡಕಿದೆ. ಅದನ್ನು ಹುಡುಗಿಯರು ಬಾಯಿಬಿಟ್ಟು ಹೇಳುವುದಿಲ್ಲ. ಹಾಜರಿ ಪುಸ್ತಕ ಹೇಳುತ್ತದೆ. ಒಂದೇ ಹುಡುಗಿ ಪ್ರತಿ ತಿಂಗಳೂ ಎರಡು ಮೂರು ದಿನ ಗೈರು. ರಜಾ ಚೀಟಿಯಲ್ಲಿ 'ಹೊಟ್ಟೆನೋವು'. ಪುರುಷ ಶಿಕ್ಷಕರು ಅದನ್ನು ಓದಿ ಸುಮ್ಮನೆ ಮಡಚಿಡುತ್ತಾರೆ. ಶಾಲೆಗಳಲ್ಲಿ ಶೌಚಾಲಯ ಕಡ್ಡಾಯವಾಗಿ ಇರಬೇಕೆಂದು ಸುಪ್ರೀಂ ಕೋರ್ಟು 2012ರಲ್ಲೇ ಆದೇಶಿಸಿತು. ಕಟ್ಟಡಗಳೂ ಎದ್ದವು. ಆದರೆ ಬಾಗಿಲಿಗೆ ಚಿಲಕ, ನಲ್ಲಿಯಲ್ಲಿ ನೀರು, ಬಳಸಿದ ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ, ತೊಳೆಯುವವರಿಗೆ ಸಂಬಳ ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಇದ್ದೂ ಇಲ್ಲದಂತೆ. ಮಧ್ಯಾಹ್ನ ನೀರೇ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಯರಿಗೆ ಉರಿಮೂತ್ರದ ಬಾಧೆ ಬರುವುದು ಹೀಗೆ.

ಆರೋಗ್ಯ ಇಲಾಖೆ 2013-14ರಲ್ಲಿ 'ಶುಚಿ' ಯೋಜನೆಯಡಿ ಉಚಿತ ಪ್ಯಾಡ್ ಕೊಡತೊಡಗಿತು. ಕೊರೊನಾ ಬಂದ ಮೇಲೆ ಕೆಲವು ವರ್ಷ ಅದು ನಿಂತು, 2024ರಲ್ಲಿ ಮತ್ತೆ ಆರಂಭವಾಯಿತು. ನಿಂತಿದ್ದ ವರ್ಷಗಳಲ್ಲಿ ಹೈಸ್ಕೂಲು ಮುಗಿಸಿದ ಹುಡುಗಿಯರಿಗೆ ಇದು ಸಿಗಲೇ ಇಲ್ಲ. ಇಂಥದ್ದನ್ನು ಟೆಂಡರ್ ತಡವಾಯಿತೆಂದು ನಿಲ್ಲಿಸುವುದು ಸರಿಯಲ್ಲ. ತಿಂಗಳು ಟೆಂಡರಿಗಾಗಿ ಕಾಯುವುದಿಲ್ಲ.

ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯೂ ಉಂಟು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಮರುದಿನ ಮಲ ಕಪ್ಪಗಾದರೆ ಗಾಬರಿ. ಊಟವಾದ ಮೇಲೆ ಎದುರಿಗೇ ನುಂಗಿಸುವ ಟೀಚರು ಇಲ್ಲದಿದ್ದರೆ ಮಾತ್ರೆ ಕಿಟಕಿಯಿಂದಾಚೆಗೆ ಹೋಗುತ್ತದೆ. ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಈ ಕಾವಲು ಸಣ್ಣ ಕೆಲಸವಲ್ಲ.

ಶಾಲೆ ಕೊಡುವ ಎಲ್ಲಕ್ಕಿಂತ ದೊಡ್ಡ ಸೇವೆ ಮಾತ್ರ ಕಚೇರಿಯ ಬೀರುವಿನಲ್ಲಿದೆ. ಅದು ದಾಖಲಾತಿ ಪುಸ್ತಕ. ಯುಗಾದಿ ಕಳೆದು ಮದುವೆಯ ಕಾಲ ಬಂತೆಂದರೆ ಕೆಲವು ಹುಡುಗಿಯರು ಪರೀಕ್ಷೆಗೇ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 'ನಮ್ಮ ಹುಡುಗಿಗೆ ಹದಿನೆಂಟಾಯಿತು' ಎಂದು ಮನೆಯವರು ವಾದಿಸಿದಾಗ ಅಧಿಕಾರಿಗಳು ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕವನ್ನೇ. ಕಳುಹಿಸುವವರು ಮುಖ್ಯೋಪಾಧ್ಯಾಯಿನಿ. ಆಮೇಲೆ ಊರಿನವರ ಮುನಿಸನ್ನು ಎದುರಿಸಬೇಕಾದವರೂ ಅವರೇ. 1098ಕ್ಕೆ ಕರೆ ಮಾಡಿದವಳು ಪಕ್ಕದ ಬೆಂಚಿನ ಗೆಳತಿಯಾದರೆ ಅವಳ ಹೆಸರು ಹೊರಬೀಳದಂತೆ ಕಾಯುವ ಹೊಣೆಯೂ ಅವರದೇ.

ಇಷ್ಟೆಲ್ಲ ದಾಟಿ ಪರೀಕ್ಷೆಗೆ ಕುಳಿತವರು ಏನು ಮಾಡಬಲ್ಲರು ಎಂಬುದಕ್ಕೆ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಸಾಕ್ಷಿ. ಹುಡುಗಿಯರಲ್ಲಿ ಶೇ. 81.11ರಷ್ಟು ತೇರ್ಗಡೆ, ಹುಡುಗರಲ್ಲಿ ಶೇ. 65.90.

ಫಲಿತಾಂಶದ ಮರುವಾರ ಕಚೇರಿಯ ಮುಂದೆ ಟಿ.ಸಿ. ಪಡೆಯಲು ಸಾಲು ನಿಲ್ಲುತ್ತದೆ. ಜೊತೆಗೆ ಬಂದ ತಾಯಂದಿರು ಹುಡುಗಿಯ ಅಂಕ ಎಷ್ಟೆಂದು ಕೇಳುವುದು ಕಡಿಮೆ. ಪಿಯು ಕಾಲೇಜು ಎಷ್ಟು ದೂರ, ಅಲ್ಲಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ, ಸಂಜೆ ಕತ್ತಲಾಗುವ ಮುಂಚೆ ವಾಪಸು ಬರಬಹುದೆ ಎಂದೇ ಹೆಚ್ಚಿನವರು ಕೇಳುತ್ತಾರೆ. ಅನುಭವವಿರುವ ಮುಖ್ಯೋಪಾಧ್ಯಾಯಿನಿಯರು ಇದಕ್ಕಾಗಿ ಡಿಪೋದ ವೇಳಾಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿರುತ್ತಾರೆ.