ಶಾಲಾ ಮಕ್ಕಳ ವಿದೇಶ ಪ್ರವಾಸ: ಕಲಿಕೆ ಯಾರಿಗೆ, ಹೊಣೆ ಯಾರದು?

ಬೆಂಗಳೂರಿನ ಖಾಸಗಿ ಶಾಲೆಯೊಂದು ಐದನೆಯ ತರಗತಿಯ ಮಕ್ಕಳ ಪೋಷಕರಿಗೆ ಕಳುಹಿಸಿದ ಸುತ್ತೋಲೆಯನ್ನು ಈಚೆಗೆ ನನ್ನ ಮಗಳು ತಂದು ತೋರಿಸಿದಳು. ಸಿಂಗಪುರಕ್ಕೆ ಐದು ರಾತ್ರಿ, ಆರು ಹಗಲುಗಳ ‘ಶೈಕ್ಷಣಿಕ ಪ್ರವಾಸ’. ತಲಾ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ. ಪ್ರವಾಸ ಐಚ್ಛಿಕ, ಆದರೆ ಮುಂಗಡವನ್ನು ಹತ್ತು ದಿನಗಳೊಳಗೆ ಕಟ್ಟತಕ್ಕದ್ದು. ಕಾರ್ಯಕ್ರಮದ ಪಟ್ಟಿಯಲ್ಲಿ ಮನರಂಜನಾ ಉದ್ಯಾನಕ್ಕೆ ಒಂದು ಪೂರ್ಣ ದಿನ, ಸೆಂಟೋಸಾ ದ್ವೀಪಕ್ಕೆ ಮತ್ತೊಂದು ದಿನ, ನೈಟ್ ಸಫಾರಿಗೆ ಒಂದು ಸಂಜೆ, ಖರೀದಿಗೆ ಅರ್ಧ ದಿನ ಮೀಸಲಾಗಿದ್ದವು. ವಿಜ್ಞಾನ ಕೇಂದ್ರಕ್ಕೆ ದೊರೆತದ್ದು ಎರಡು ಗಂಟೆ. ‘ಸ್ಥಳೀಯ ಶಾಲೆಗೆ ಭೇಟಿ’ ಎಂಬುದರ ಪಕ್ಕದಲ್ಲಿ ‘ಅನುಮತಿ ದೊರೆತಲ್ಲಿ’ ಎಂಬ ಷರಾ ಇತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳನ್ನು ಓದಿದವನಿಗೆ ಅಂಥ ಷರಾದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದು ಒಂದು ಶಾಲೆಯ ಮಾತಲ್ಲ. ಮೈಸೂರು, ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳ ಜಾಗದಲ್ಲಿ ಸಿಂಗಪುರ, ದುಬೈಗಳು ಬಂದು ಕುಳಿತಿವೆ. ಇನ್ನೂ ಅನುಕೂಲವುಳ್ಳವರಿಗೆ ಅಮೆರಿಕದ ನಾಸಾ ಕೇಂದ್ರವಿದೆ. ‘ದೇಶ ಸುತ್ತು, ಕೋಶ ಓದು’ ಎಂದ ಹಿರಿಯರ ಮಾತನ್ನು ನಂಬಿ ಬೆಳೆದ ನಾನು ಪ್ರವಾಸದ ವಿರೋಧಿಯಲ್ಲ. ಹತ್ತು ವರ್ಷದ ಮಗು ಇನ್ನೊಂದು ನಾಡಿನ ಬೀದಿಯಲ್ಲಿ ನಡೆದಾಡಿದರೆ ಅದರ ಮನಸ್ಸು ಅರಳುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆಗಳು ಬೇರೆ. ಈ ಪ್ರವಾಸಗಳಿಂದ ಮಕ್ಕಳು ಕಲಿಯುವುದೇನು? ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ? ಪರದೇಶದಲ್ಲಿ ಅವರ ಹೊಣೆ ಹೊರುವವರಾರು?

ಮೊದಲಿಗೆ ಹಿನ್ನೆಲೆಯನ್ನು ನೋಡೋಣ. ವಿದೇಶಕ್ಕೆ ಹೊರಟ ಭಾರತೀಯನ ಜೇಬಿನಲ್ಲಿ ಎಂಟು ಡಾಲರ್‌ಗಳಷ್ಟೇ ಇರುತ್ತಿದ್ದ ಕಾಲವೊಂದಿತ್ತು. ನಾನು ಅರ್ಥಶಾಸ್ತ್ರ ಓದುತ್ತಿದ್ದಾಗ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯೇ ಪಠ್ಯದ ದೊಡ್ಡ ಅಧ್ಯಾಯ. 1994ರಲ್ಲಿ ಚಾಲ್ತಿ ಖಾತೆಯ ಮಟ್ಟಿಗೆ ರೂಪಾಯಿ ಪರಿವರ್ತನೀಯವಾಯಿತು. 2004ರಲ್ಲಿ ರಿಸರ್ವ್ ಬ್ಯಾಂಕ್ ಉದಾರೀಕೃತ ಹಣ ರವಾನೆ ಯೋಜನೆಯನ್ನು ತಂದಾಗ ಇದ್ದ 25 ಸಾವಿರ ಡಾಲರ್ ಮಿತಿ ಇಂದು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಆಗಿದೆ. 2023-24ರಲ್ಲಿ ಈ ಯೋಜನೆಯಡಿ ಭಾರತೀಯರು ಹೊರಕ್ಕೆ ಕಳುಹಿಸಿದ ಹಣ ಸುಮಾರು 3,170 ಕೋಟಿ ಡಾಲರ್. ಅದರಲ್ಲಿ ಸುಮಾರು 1,700 ಕೋಟಿ ಡಾಲರ್ ಪ್ರವಾಸಕ್ಕೆ ಹೋಯಿತು. ವಿದೇಶ ವ್ಯಾಸಂಗಕ್ಕೆ ಹೋದದ್ದು ಸುಮಾರು 350 ಕೋಟಿ ಮಾತ್ರ. ಹಣವುಳ್ಳ ಮಧ್ಯಮ ವರ್ಗ ಜಗತ್ತನ್ನು ನೋಡಹೊರಟಿದೆ. ಶಾಲೆಗಳು ಆ ಪ್ರವಾಹದಲ್ಲಿ ತಮ್ಮದೊಂದು ಕಾಲುವೆಯನ್ನು ತೋಡಿಕೊಂಡಿವೆ.

ಇನ್ನು ಕಲಿಕೆಯ ಪ್ರಶ್ನೆ. ಸಿಂಗಪುರವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಮಗುವಿಗೆ ಆ ನಗರ ಕಲಿಸಬಹುದಾದ ಅತ್ಯುತ್ತಮ ಪಾಠ ನೀರಿನದು. ಸ್ವಂತ ನದಿಗಳಿಂದ ದಾಹ ತೀರದ ಆ ಪುಟ್ಟ ದ್ವೀಪ ಮಲೇಷ್ಯಾದ ಜೊಹೊರ್ ನದಿಯ ನೀರಿಗಾಗಿ 1962ರಲ್ಲಿ ಮಾಡಿಕೊಂಡ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಆ ದಿನವನ್ನು ಎದುರಿಟ್ಟುಕೊಂಡೇ ಅಲ್ಲಿನ ಆಡಳಿತ ಮಳೆನೀರನ್ನು ಹಿಡಿದಿಟ್ಟಿತು, ಸಮುದ್ರದ ಉಪ್ಪುನೀರನ್ನು ಸಿಹಿಯಾಗಿಸಿತು, 2003ರಿಂದ ಚರಂಡಿ ನೀರನ್ನು ಶುದ್ಧೀಕರಿಸಿ ‘ನೀವಾಟರ್’ ಎಂಬ ಹೆಸರಿನಲ್ಲಿ ಮರುಬಳಕೆಗೆ ತಂದಿತು. 2008ರಲ್ಲಿ ಪೂರ್ಣಗೊಂಡ ಮರೀನಾ ಬ್ಯಾರೇಜ್ ಸಮುದ್ರದ ಕೊಲ್ಲಿಯನ್ನೇ ಸಿಹಿನೀರಿನ ಜಲಾಶಯವಾಗಿಸಿತು.

ನಮ್ಮ ಮಗು ಮನೆಯಲ್ಲಿ ಕುಡಿಯುವ ಕಾವೇರಿ ನೀರು ಸುಮಾರು ನೂರು ಕಿಲೊಮೀಟರ್ ದೂರದಿಂದ, ಹಂತ ಹಂತವಾಗಿ ಪಂಪುಗಳಿಂದ ಮೇಲೇರಿ ಬರುತ್ತದೆ. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಅದರ ಶುದ್ಧತೆಯ ಮಟ್ಟದ ಬಗ್ಗೆ ವಿವಾದವೂ ನಡೆದಿದೆ. ಮೊದಲು ಕೋಲಾರದ ಕೆರೆಯ ಏರಿಯ ಮೇಲೆ ನಿಂತು, ಆ ಊರಿನ ರೈತರನ್ನು ಮಾತನಾಡಿಸಿ, ಬಳಿಕ ಮರೀನಾ ಬ್ಯಾರೇಜ್ ನೋಡಿದ ಮಗು ಎರಡೂ ಕಡೆಯ ಪ್ರಶ್ನೆಗಳನ್ನು ಕೇಳೀತು. ಕೋಲಾರವನ್ನು ನೋಡದೆ ನೇರವಾಗಿ ಸಿಂಗಪುರಕ್ಕೆ ಹಾರಿದ ಮಗು ‘ಅಲ್ಲಿ ಎಷ್ಟು ಚೆಂದ, ಇಲ್ಲಿ ಎಷ್ಟು ಕೊಳಕು’ ಎಂಬ ಒಂದೇ ವಾಕ್ಯವನ್ನು ಹೊತ್ತು ತಂದೀತು. ಹೋಲಿಕೆಗೆ ಎರಡು ತುದಿಗಳು ಬೇಕು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ತಿಳಿಯದ ಮಗುವಿಗೆ ‘ಗಾರ್ಡನ್ಸ್ ಬೈ ದ ಬೇ’ಯ ಉಕ್ಕಿನ ಮರಗಳು ಬರಿಯ ಬೆರಗು. ನಮ್ಮ ಶಿವರಾಮ ಕಾರಂತರು ‘ಅಬೂವಿಂದ ಬರಾಮಕ್ಕೆ’ ನಮ್ಮ ನೆಲವನ್ನು ಸುತ್ತಿದವರು, ‘ಅಪೂರ್ವ ಪಶ್ಚಿಮ’ವನ್ನೂ ಕಂಡು ಬರೆದವರು ಎಂಬುದನ್ನು ಇಲ್ಲಿ ನೆನೆಯಬಹುದು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಸುತ್ತೋಲೆಯಲ್ಲಿ ‘ಐಚ್ಛಿಕ’ ಎಂದು ಬರೆದರೂ ಹತ್ತು ವರ್ಷದ ಮಕ್ಕಳ ಲೋಕದಲ್ಲಿ ಇಂಥವು ಐಚ್ಛಿಕವಾಗಿ ಉಳಿಯುವುದಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಹದಿನೈದು ಮಂದಿ ಹೊರಟರೆ ಉಳಿದ ಇಪ್ಪತ್ತೈದು ಮಕ್ಕಳು ಆ ವಾರ ಅರೆಖಾಲಿ ತರಗತಿಯಲ್ಲಿ ಕುಳಿತು, ಮುಂದಿನ ತಿಂಗಳಿಡೀ ಅದೇ ಕಥೆಗಳನ್ನು ಕೇಳಬೇಕು. ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ‘ಸ್ಥಾನಸೂಚಕ ಸರಕು’ಗಳ ವಿಚಾರವನ್ನು ಮಂಡಿಸಿದರು. ಅಂಥ ಸರಕಿನ ಬೆಲೆ ಇರುವುದು ಅದು ಇತರರ ಬಳಿ ಇಲ್ಲ ಎಂಬುದರಲ್ಲಿ. ಶಾಲೆಯ ವಿದೇಶ ಪ್ರವಾಸ ಇಂದು ಬಹುಮಟ್ಟಿಗೆ ಅಂಥ ಸರಕಾಗಿದೆ. ಒಂದು ಶಾಲೆ ದುಬೈಗೆ ಹೊರಟರೆ ಪಕ್ಕದ ಶಾಲೆ ಸಿಂಗಪುರವನ್ನು ಘೋಷಿಸುತ್ತದೆ. ಸಾಲ ಮಾಡಿಯಾದರೂ ಮಗುವನ್ನು ಕಳುಹಿಸುವ ತಂದೆ ತಾಯಿ ಕೊಳ್ಳುತ್ತಿರುವುದು ಕಲಿಕೆಯನ್ನಲ್ಲ, ಮಗು ಹಿಂದೆ ಬೀಳದೆಂಬ ಸಮಾಧಾನವನ್ನು.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2019ರ ನಿಯಮ ಬದಲಾವಣೆಯ ಬಳಿಕ ಕರ್ನಾಟಕದಲ್ಲಿ ಅಂಥ ದಾಖಲಾತಿ ಬಹಳವಾಗಿ ಕುಸಿದಿದ್ದರೂ ಅದಕ್ಕೆ ಮೊದಲು ಸೇರಿದ ಮಕ್ಕಳು ಈ ಶಾಲೆಗಳಲ್ಲಿ ಓದುತ್ತ ಬೆಳೆದರು. ಆಟೊ ಚಾಲಕನ ಮಗಳೂ ವೈದ್ಯರ ಮಗನೂ ಒಂದೇ ಬೆಂಚಿನಲ್ಲಿ ಕೂರಲೆಂದೇ ಕಾಯ್ದೆ ಬಂತು. ಆದರೆ ಶುಲ್ಕದ ಬಗ್ಗೆ ಮಾತನಾಡುವ ಕಾಯ್ದೆಯ ಕೈ ‘ಐಚ್ಛಿಕ’ ಎಂಬ ಒಂದು ಪದದ ಮುಂದೆ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಜಪಾನಿನ ಶಾಲಾ ಪ್ರವಾಸ ಪದ್ಧತಿಯ ಮೂಲವನ್ನು 1886ರಲ್ಲಿ ಟೋಕಿಯೊದ ಶಿಕ್ಷಕರ ತರಬೇತಿ ಶಾಲೆಯ ವಿದ್ಯಾರ್ಥಿಗಳು ಕಾಲ್ನಡಿಗೆಯಲ್ಲಿ ಕೈಗೊಂಡ ಪ್ರವಾಸದಲ್ಲಿ ಗುರುತಿಸುತ್ತಾರೆ. ಇಂದು ಅಲ್ಲಿ ಆರನೆಯ ತರಗತಿಯ ಇಡೀ ತಂಡ ಒಟ್ಟಿಗೆ ಹೊರಡುತ್ತದೆ. ಸಾಮಾನ್ಯವಾಗಿ ಸ್ವದೇಶದೊಳಗೇ, ನಿಕ್ಕೊ, ಕ್ಯೋಟೊ ಅಥವಾ ಹಿರೋಶಿಮಾದಂಥ ಊರುಗಳಿಗೆ. ಹೊರಡುವ ಮೊದಲು ಆ ಸ್ಥಳವನ್ನು ಓದುತ್ತಾರೆ; ಬಂದ ಮೇಲೆ ಬರೆಯುತ್ತಾರೆ. ಪೋಷಕರು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಡುವುದು ವಾಡಿಕೆ. ಬಡ ಕುಟುಂಬಗಳಿಗೆ ಸ್ಥಳೀಯ ಆಡಳಿತ ನೆರವಾಗುತ್ತದೆ. ಸಿಂಗಪುರವೇ 1993ರಲ್ಲಿ ‘ಎಡುಸೇವ್’ ನಿಧಿಯನ್ನು ಸ್ಥಾಪಿಸಿತು. ಪ್ರತಿ ವಿದ್ಯಾರ್ಥಿಯ ಖಾತೆಗೆ ಸರ್ಕಾರ ವರ್ಷಕ್ಕಿಷ್ಟು ಹಣ ತುಂಬುತ್ತದೆ. ಅದನ್ನು ಶಾಲೆಯ ಹೊರಗಿನ ಕಲಿಕೆಗೆ, ಪ್ರವಾಸಕ್ಕೂ ಸೇರಿ, ಬಳಸಬಹುದು. ಕಡಿಮೆ ವರಮಾನದ ಮನೆಗಳ ಮಕ್ಕಳಿಗೆ ಬೇರೆಯೇ ಒಂದು ಅವಕಾಶ ನಿಧಿಯೂ ಇದೆ. ನಮ್ಮ ಮಕ್ಕಳು ನೋಡಲು ಹೋಗುವ ದೇಶದ ಈ ವ್ಯವಸ್ಥೆಯನ್ನು ನಮ್ಮ ಶಾಲಾ ಆಡಳಿತ ಮಂಡಳಿಗಳು ಮೊದಲು ನೋಡಿ ಬಂದರೆ ಒಳಿತು.

ನಮ್ಮ ನೆರೆಯಲ್ಲಿ ಸರ್ಕಾರಗಳೇ ಈ ಕ್ಷೇತ್ರಕ್ಕೆ ಇಳಿದಿವೆ. ತಮಿಳುನಾಡು 2022ರಿಂದ ಸ್ಪರ್ಧೆಗಳಲ್ಲಿ ಗೆದ್ದ ಸರ್ಕಾರಿ ಶಾಲಾ ಮಕ್ಕಳನ್ನು ಶಾರ್ಜಾ ಮುಂತಾದೆಡೆಗೆ ಕರೆದೊಯ್ದಿದೆ. ಪುಣೆ ಜಿಲ್ಲಾ ಪರಿಷತ್ತು 2025ರಲ್ಲಿ, ಆ ನಗರದ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ನೆರವಿನಿಂದ ಹಲವು ಹಂತಗಳ ಪರೀಕ್ಷೆ ನಡೆಸಿ, ತನ್ನ ಶಾಲೆಗಳ 25 ಮಕ್ಕಳನ್ನು ನಾಸಾ ಭೇಟಿಗೂ 50 ಮಕ್ಕಳನ್ನು ಇಸ್ರೊ ಭೇಟಿಗೂ ಆರಿಸಿತು. ಏಳನೆಯ ತರಗತಿಯವರೆಗಿನ, ನಮ್ಮ ಲೆಕ್ಕದಲ್ಲಿ ಹಿರಿಯ ಪ್ರಾಥಮಿಕ ಶಾಲೆಯ, ಹಳ್ಳಿಯ ಮಕ್ಕಳಿವರು. ಅದುವರೆಗೆ ರೈಲನ್ನೇ ಹತ್ತದ ಮಗುವೂ ಅವರಲ್ಲಿತ್ತು. ಜಿಲ್ಲಾ ಪಂಚಾಯಿತಿಯಲ್ಲಿ ಕೆಲಸ ಮಾಡಿದ ನನಗೆ ಈ ಸುದ್ದಿ ಓದಿ ಹೃದಯ ತುಂಬಿ ಬಂದದ್ದು ನಿಜ. ಮಗುವಿನ ಜನನ ಪತ್ರ, ಆಧಾರ್, ಶಾಲಾ ದಾಖಲಾತಿಗಳಲ್ಲಿ ಮೂರು ಬಗೆಯ ಕಾಗುಣಿತವಿರುವ ಹೆಸರನ್ನು ಸರಿಪಡಿಸಿ ಪಾಸ್‌ಪೋರ್ಟ್ ಮಾಡಿಸುವುದೇ ಹಳ್ಳಿಯ ಮನೆಗೆ ಎಷ್ಟು ದೊಡ್ಡ ಯಾತ್ರೆ ಎಂಬುದನ್ನು ಬಲ್ಲವರು ಬಲ್ಲರು.

ಆದರೂ ಸಾರ್ವಜನಿಕ ಹಣದ ವಿಷಯದಲ್ಲಿ ಭಾವನೆಗಿಂತ ಲೆಕ್ಕ ಮುಖ್ಯ. ಸಾವಿರಾರು ಮಕ್ಕಳಲ್ಲಿ 25 ಮಂದಿಗೆ ದೊರೆತ ಅವಕಾಶ ಉಳಿದವರಿಗೆ ಸ್ಫೂರ್ತಿಯಾಗಬಹುದು, ಪ್ರಯೋಗಾಲಯವಾಗಲಾರದು. ಪಂಜಾಬ್ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 72 ಪ್ರಾಥಮಿಕ ಶಾಲಾ ಶಿಕ್ಷಕರನ್ನು ಮೂರು ವಾರಗಳ ತರಬೇತಿಗೆ ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯಕ್ಕೆ ಕಳುಹಿಸಿತು. ಶಿಕ್ಷಕಿಯೊಬ್ಬಳ ಮುಂದೆ ವರ್ಷಕ್ಕೆ ಮೂವತ್ತು ಮಕ್ಕಳಂತೆ ಇಪ್ಪತ್ತು ವರ್ಷಗಳಲ್ಲಿ ಆರು ನೂರು ಮಕ್ಕಳು ಕೂರುತ್ತಾರೆ. ಆಕೆ ಕಂಡದ್ದರಲ್ಲಿ ಹತ್ತನೆಯ ಒಂದು ಪಾಲು ತರಗತಿಗೆ ಇಳಿದರೂ ಹೂಡಿಕೆ ಹುಟ್ಟುವಳಿ ಕೊಟ್ಟಂತೆ. ಮಕ್ಕಳನ್ನು ಕಳುಹಿಸಬಾರದೆಂದು ನಾನು ಹೇಳುತ್ತಿಲ್ಲ. ಸೀಮಿತ ಹಣವಿರುವಾಗ ಶಿಕ್ಷಕರಿಗೆ ಮೊದಲ ಪಾಲು ಸಲ್ಲಲಿ. ಮಕ್ಕಳನ್ನು ಕಳುಹಿಸುವಾಗ ಬಿಡಿ ಜಾಣರಿಗಿಂತ ಚೀಟಿ ಎತ್ತಿ ಆರಿಸಿದ ಒಂದು ಶಾಲೆಯ ಇಡೀ ತರಗತಿಯನ್ನು, ಅದರ ಶಿಕ್ಷಕರೊಂದಿಗೆ, ಕಳುಹಿಸುವುದು ಲೇಸು. ಆಗ ಮರಳಿ ಬಂದವರು ಪರಸ್ಪರ ನೆನಪಿಸಿಕೊಳ್ಳಲು ಜೊತೆಗಾರರಿರುತ್ತಾರೆ. ಊರಿಗೆ ಊರೇ ಅದರಲ್ಲಿ ಪಾಲುಗೊಳ್ಳುತ್ತದೆ.

ಮೂರನೆಯದು ಸುರಕ್ಷತೆ. 2015ರ ಜೂನ್ 5ರ ಬೆಳಗ್ಗೆ ಮಲೇಷ್ಯಾದ ಸಬಾ ಪ್ರಾಂತದಲ್ಲಿ ಭೂಮಿ ಕಂಪಿಸಿದಾಗ ಸಿಂಗಪುರದ ತಾಂಜಾಂಗ್ ಕಟಾಂಗ್ ಪ್ರಾಥಮಿಕ ಶಾಲೆಯ ಮಕ್ಕಳು ಕಿನಬಾಲು ಪರ್ವತದ ಮೇಲಿದ್ದರು. 29 ಮಕ್ಕಳು, 8 ಶಿಕ್ಷಕರು ಈ ಪ್ರವಾಸಕ್ಕೆ ಹೋಗಿದ್ದರು. ಏಳು ಮಕ್ಕಳು ಮತ್ತು ಇಬ್ಬರು ಶಿಕ್ಷಕರು ಮರಳಿ ಬರಲಿಲ್ಲ. ಅವರ ಜೊತೆಗಿದ್ದ ಮಾರ್ಗದರ್ಶಕನೊಬ್ಬನೂ ಅಸುನೀಗಿದ. ಜೂನ್ 8ನ್ನು ಸಿಂಗಪುರ ರಾಷ್ಟ್ರೀಯ ಸ್ಮರಣೆಯ ದಿನವಾಗಿ ಆಚರಿಸಿತು. ಶಿಸ್ತಿಗೆ ಹೆಸರಾದ, ನಾಲ್ಕು ಮಕ್ಕಳಿಗೆ ಒಬ್ಬ ಶಿಕ್ಷಕರಂತೆ ಕಳುಹಿಸಿದ ವ್ಯವಸ್ಥೆಗೇ ಇಂಥ ಆಘಾತ ಒದಗಿತು. ಭೂಕಂಪವನ್ನು ಯಾರೂ ತಡೆಯಲಾರರು. ಆದರೆ ನಮ್ಮಲ್ಲಿ 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಬಾಲಕಿಯರು ಮುಳುಗಿ ಸತ್ತರು. ಅದು ಭೂಕಂಪವಲ್ಲ, ಕಡಲು. ಅಲ್ಲಿ ಕಡಲಿರುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ನಾಡಿನೊಳಗಿನ ಪ್ರವಾಸದಲ್ಲೇ ಈ ಸ್ಥಿತಿಯಾದರೆ, ಭಾಷೆ ತಿಳಿಯದ ದೇಶದಲ್ಲಿ ಮಗುವಿಗೆ ಜ್ವರ ಬಂದರೆ, ಪಾಸ್‌ಪೋರ್ಟ್ ಕಳೆದರೆ ಉತ್ತರಿಸುವವರಾರು?

ಸುತ್ತೋಲೆ ಕೈಗೆ ಬಂದ ಪೋಷಕರು ಶಾಲೆಯನ್ನು ಕೆಲವು ಪ್ರಶ್ನೆ ಕೇಳಬೇಕು. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಅವರಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರೆಷ್ಟು? ವಿಮಾ ಪತ್ರದ ಪ್ರತಿ ನಮಗೆ ಸಿಗುವುದೇ? ಒಪ್ಪಂದ ಶಾಲೆಯ ಹೆಸರಿನಲ್ಲಿದೆಯೋ, ಪ್ರವಾಸ ಸಂಸ್ಥೆಯ ಹೆಸರಿನಲ್ಲಿದೆಯೋ? ಇಂತಿಷ್ಟು ಮಕ್ಕಳಿಗೆ ಒಂದು ಉಚಿತ ಟಿಕೆಟ್ ಎಂಬ ರಿಯಾಯಿತಿ ಈ ವ್ಯಾಪಾರದಲ್ಲಿ ಸಾಮಾನ್ಯ. ಅದು ಯಾರ ಪಾಲಾಗುತ್ತದೆ? ಕೊನೆಯದಾಗಿ, ಹಣ ಕಟ್ಟಲಾರದ ಮಗುವಿಗೆ ಶಾಲೆ ಏನು ಮಾಡಿದೆ?

ಸರ್ಕಾರ ಮಾಡಬೇಕಾದದ್ದೂ ಇದೆ. ವಿದೇಶ ಪ್ರವಾಸ ಏರ್ಪಡಿಸುವ ಪ್ರತಿ ಶಾಲೆಯೂ ಖರ್ಚಿನ ಪೂರ್ಣ ವಿವರವನ್ನೂ ಕಲಿಕೆಯ ಯೋಜನೆಯನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗೆ ಸಲ್ಲಿಸಿ ಪೋಷಕರ ಮುಂದಿಡುವುದು ಕಡ್ಡಾಯವಾಗಲಿ. ತರಗತಿಯ ಮುಕ್ಕಾಲು ಪಾಲು ಮಕ್ಕಳು ಹೋಗಲಾಗದ ಪ್ರವಾಸವನ್ನು ಶಾಲೆಯ ಹೆಸರಿನಲ್ಲಿ, ಶಾಲೆಯ ದಿನಗಳಲ್ಲಿ ನಡೆಸುವುದು ಬೇಡ. ಹೊರಡುವ ಪ್ರತಿ ಹತ್ತು ಮಕ್ಕಳ ಶುಲ್ಕದೊಳಗೆ ಒಂದು ಬಡ ಮಗುವಿನ ವೆಚ್ಚ ಸೇರಿರಲಿ. ಒಂದು ಲಕ್ಷ ನಲವತ್ತು ಸಾವಿರ ತೆರಬಲ್ಲ ಮನೆಗೆ ಇನ್ನು ಹದಿನಾಲ್ಕು ಸಾವಿರ ಅಸಾಧ್ಯವೇನಲ್ಲ. ಐದನೆಯ ತರಗತಿಯವರೆಗೆ ಜಿಲ್ಲೆ ಮತ್ತು ರಾಜ್ಯ, ಏಳನೆಯದರವರೆಗೆ ದೇಶ, ಆಮೇಲೆ ಪರದೇಶ ಎಂಬ ಕ್ರಮವೇ ಈ ಎಲ್ಲಕ್ಕಿಂತ ವಿವೇಕದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಗಳ ನಡುವೆ ಹತ್ತು ದಿನಗಳ ‘ಚೀಲರಹಿತ’ ಕಲಿಕೆಯನ್ನು ಸೂಚಿಸಿದೆ. ಬಡಗಿ, ಕುಂಬಾರ, ತೋಟಗಾರರ ಬಳಿ ಕಳೆಯುವ ಆ ಹತ್ತು ದಿನಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ.

ಪ್ರವಾಸ ಮಗುವಿಗೆ ಕಲಿಸಬೇಕಾದ ಮೊದಲ ಪಾಠ, ತನ್ನ ಮನೆಯ ಹೊರಗೂ ತನ್ನಂಥವರೇ ಬದುಕುತ್ತಾರೆ ಎಂಬುದು. ಪಕ್ಕದ ಬೆಂಚಿನ ಗೆಳೆಯನನ್ನು ಬಿಟ್ಟು ಹೊರಟ ಮಗುವಿಗೆ ಆ ಪಾಠವನ್ನು ಯಾವ ದೇಶವೂ ಕಲಿಸಲಾರದು.